‘ಚೇಂಜ್ ಆಲ್’ ಒತ್ತಿದ ರಾತ್ರಿ

“ಹುಡುಗನ ಹೆಸರು ರಾಮ ಬ್ಯಾಡ್ರಿ, ಹನುಮ ಮಾಡ್ರಿ. ಅಂಜನಾದ್ರಿ ಇರೋ ಜಿಲ್ಲಾದಾಗ ಅದ ಒಪ್ತೈತಿ.”

ಕಾದಂಬರಿ ಬರೆದ ಮಾಸ್ತರರ ಫೋನ್ ಬಂದಾಗ ಸಂಜೆ ಏಳು ಗಂಟೆ. ರಾತ್ರಿಯೊಳಗೆ ಪಿಡಿಎಫ್ ಗದಗಿನ ಪ್ರೆಸ್‌ಗೆ ಹೋಗಬೇಕು. ಬಿಡುಗಡೆ ಜೂನ್ 1ಕ್ಕೆ. 1858ರಲ್ಲಿ ಅದೇ ದಿನ ಮುಂಡರಗಿ ಭೀಮರಾವ್ ನಮ್ಮ ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರ ಜೊತೆ ಕಾದಾಡಿ ಸತ್ತದ್ದು. ಹಾಗಾಗಿ ತಾರೀಖು ಮುಂದೆ ಹಾಕುವ ಮಾತೇ ಇಲ್ಲ.

ಕಾದಂಬರಿ ಮಾತ್ರ ಚೆನ್ನಾಗಿತ್ತು. ಡಂಬಳದ ಖಜಾನೆ ಲೂಟಿ, ಆಮೇಲೆ ಕೊಪ್ಪಳದ ಕೋಟೆ ವಶ. ಇವೆರಡು ನಿಜದ ನಡುವೆ ಬುತ್ತಿಗಂಟಿನಲ್ಲಿ ಪತ್ರ ಅಡಗಿಸಿ ಓಡುವ ಈ ಹುಡುಗ, ಮಾಸ್ತರರ ಕಲ್ಪನೆ. ಪೇಜ್ ಕೂಡಿಸುತ್ತಾ ಚಹಾ ಆರಿಸಿಕೊಂಡಿದ್ದೇನೆ.

ಫೈಂಡ್‌ನಲ್ಲಿ ರಾಮ, ಚೇಂಜ್‌ನಲ್ಲಿ ಹನುಮ. ‘ಹೋಲ್ ವರ್ಡ್’ ಹಾಕಿದರೆ ರಾಮನು, ರಾಮನಿಗೆ ಎಲ್ಲಾ ತಪ್ಪಿಹೋಗುತ್ತವೆ, ಅದಕ್ಕೇ ಹಾಕಲಿಲ್ಲ. ಒತ್ತಿದೆ. 412 ಬದಲಾವಣೆ ಅಂತ ತೋರಿಸಿತು. ಹುಡುಗ ಬರುವುದೇ ಆರು ಅಧ್ಯಾಯದಲ್ಲಿ. ಆ ಅಂಕಿ ನೋಡಿ ಅನುಮಾನ ಬರಬೇಕಿತ್ತು. ನನಗೆ ಖುಷಿಯಾಯಿತು.

ಹತ್ತೂವರೆಗೆ ಪ್ರೆಸ್‌ನವನ ಫೋನ್. “ಅಣ್ಣಾ, ‘ಸ್ವಾತಂತ್ರ್ಯ ಸಂಗ್ಹನುಮ’ ಅಂದ್ರೇನು?”

ಕೈಕಾಲು ತಣ್ಣಗಾದವು. ‘ನುಡಿ’ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ‘ಗ್ರಾಮ’ ಅಂದರೆ ಮೊದಲು ಗಾ, ಆಮೇಲೆ ರ ಒತ್ತು. ಅದರಲ್ಲಿ ‘ರಾಮ’ ಸಿಗುವುದೇ ಇಲ್ಲ. ಇಷ್ಟು ವರ್ಷ ಅದೇ ನನ್ನನ್ನು ಕಾಪಾಡಿತ್ತು. ಈ ಸಲ ಇ-ಬುಕ್ಕೂ ಬೇಕು ಅಂತ ಯೂನಿಕೋಡ್. ಅಲ್ಲಿ ಗ್ ಪಕ್ಕ ಪೂರ್ತಿ ರಾಮನೇ ಕೂತಿರುತ್ತಾನೆ. ಊರೆಲ್ಲಾ ‘ಗ್ಹನುಮ’ ಆಗಿತ್ತು. ಸಿಪಾಯಿಗಳು ‘ಆಹನುಮ’ವಾಗಿ ಮಲಗಿದ್ದರು.

ಪ್ಲೇಟ್ ಇನ್ನೂ ಹೊಡೆದಿರಲಿಲ್ಲ, ಪುಣ್ಯ. ಅರ್ಧ ಗಂಟೆ ಟೈಮ್ ಕೊಡು ಅಂದೆ. ಒತ್ತಿನ ಜೊತೆ ಸೇರಿದ್ದನ್ನೆಲ್ಲಾ ಒಂದೇ ಏಟಿಗೆ ವಾಪಸ್ ತಿರುಗಿಸಿದೆ. ಆಹನುಮ, ವಿಹನುಮ ಒಂದೊಂದಾಗಿ ಹುಡುಕಿದೆ. ಮಾಲೀಕರು ಹಿಂದೆ ನಿಂತು, “ಸ್ಪೆಲ್ ಚೆಕ್ ಹಾಕಬಾರದೇನೋ ತಮ್ಮಾ?” ಅಂದರು. ಪ್ರೂಫ್ ನೋಡುವವರನ್ನು ಬಿಡಿಸಿ ಎರಡು ವರ್ಷ ಆಯ್ತು, ಅದನ್ನು ಅವರಿಗೆ ಯಾರು ಹೇಳಬೇಕು? ಹನ್ನೊಂದೂಕಾಲಿಗೆ ಫೈಲ್ ಕಳಿಸಿದೆ. ಅಡ್ಡಾದಿಡ್ಡಿ ಪದ ಒಂದೂ ಉಳಿದಿಲ್ಲ ಅಂತ ನೆಮ್ಮದಿಯಾಗಿ ಮಲಗಿದೆ.

ಅಡ್ಡಾದಿಡ್ಡಿ ಪದ ನಿಜವಾಗಿಯೂ ಉಳಿದಿರಲಿಲ್ಲ. ಬಿಡುಗಡೆ ದಿನ ಎದುರಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಪುಸ್ತಕ ತಿರುವಿ ಹಾಕುತ್ತಾ ಎದ್ದರು. “ಮಾಸ್ತರ್, ನಮ್ಮೂರು ಹನುಮದುರ್ಗ ಯಾವಾಗ ಆತ್ರಿ?”

ರಾಮದುರ್ಗದಿಂದ ಹೊರಟ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದು, ಆ ರಾತ್ರಿ ನರಗುಂದದ ಬಾಬಾಸಾಹೇಬರ ಜನ ಅವನ ಮೇಲೆ ಬಿದ್ದದ್ದು, 1858ರ ಮೇ 29. ಇಡೀ ಅಧ್ಯಾಯದಲ್ಲಿ ಹನುಮದುರ್ಗ. ಓದಲು ಎಷ್ಟು ಸಹಜವಾಗಿತ್ತು ಅಂದರೆ ನನ್ನ ಕಣ್ಣು ಎಲ್ಲೂ ನಿಲ್ಲಲಿಲ್ಲ. ಸಭೆ ನಕ್ಕಿತು. ಮಾಸ್ತರರು ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

500 ಪ್ರತಿಗೆ ಒಪ್ಪೋಲೆ ಚೀಟಿ ಅಂಟಿಸಿದೆ. ಗೋಂದಿನ ದುಡ್ಡೂ ನಂದೇ.

ಈಗ ಮಾಸ್ತರರು ಸುರಪುರದ ವೆಂಕಟಪ್ಪ ನಾಯಕನ ಕಾಲದ್ದು ಬರೆಯುತ್ತಿದ್ದಾರೆ. ಮೊನ್ನೆ ಮೊದಲ ಅಧ್ಯಾಯ ಕಳಿಸಿದರು. “ಹುಡುಗನ ಹೆಸರು ಸದ್ಯ ಮಾರ ಅಂತ ಇಟ್ಟೀನಿ. ಆಮ್ಯಾಲ ಬೇಕಾದ್ರ ಬದಲಿ ಮಾಡೋಣಂತ.”

ಫೈಲ್ ತೆಗೆದು ಸುಮ್ನೆ ‘ಮಾರ’ ಅಂತ ಹುಡುಕಿದೆ. ಮೊದಲು ಸಿಕ್ಕಿದ್ದು ‘ಸುಮಾರು’.