ಫಿಲಿಪ್ಪ ಎಲ್ಲಿ ಹೋದ?

ಹೋದ ತಿಂಗಳು ನಮ್ಮ ಚರ್ಚಿನಲ್ಲಿ ಸಂಡೇ ಸ್ಕೂಲ್ ಟೀಚರ್‌ಗಳ ಮೀಟಿಂಗ್ ಇತ್ತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನೇರವಾಗಿ ಕೇಳಿಬಿಟ್ಟಳು, "ಅಂಕಲ್, ಒಬ್ಬರನ್ನು ನಂಬಿಕೆಯಲ್ಲಿ ನಡೆಸುವುದು ಅಂತೀರಲ್ಲ, ಅಂದರೆ ನಿಜವಾಗಿ ಏನು ಮಾಡಬೇಕು?" ಹದಿನಾಲ್ಕು ವರ್ಷದಿಂದ ಯುವಜನರ ಕೂಟ ನಡೆಸುತ್ತಿರುವವನು ನಾನು. ಗಂಟಲು ಸರಿಮಾಡಿಕೊಂಡೆ. ಉತ್ತರ ಬರಲಿಲ್ಲ. ಅಷ್ಟರಲ್ಲಿ ಚಾ ಬಂತು, ಬಚಾವಾದೆ.

ಆದರೆ ಮಂಗಳೂರಿನ ಈ ಮಳೆಯಲ್ಲಿ ಸ್ಕೂಟರ್ ಓಡಿಸಿಕೊಂಡು ಮನೆಗೆ ಬರುವಾಗಲೂ ಅದೇ ಪ್ರಶ್ನೆ ತಲೆಯಲ್ಲಿತ್ತು. ಅವಳಿಗೆ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲು ನನ್ನ ತಪ್ಪು. ಕೆಲವು ವರ್ಷದ ಹಿಂದೆ ನಮ್ಮ ಕೂಟಕ್ಕೆ ಒಬ್ಬ ಹುಡುಗ ಬರುತ್ತಿದ್ದ. ಡಿಪ್ಲೊಮಾ ಓದುತ್ತಿದ್ದ. ಅಪ್ಪ ಮನೆ ಬಿಟ್ಟು ಹೋಗಿ ಬಹಳ ಕಾಲ ಆಗಿತ್ತು. ಚುರುಕಿನ ಹುಡುಗ, ಏನೇ ಇದ್ದರೂ ನನಗೆ ಫೋನ್. "ಅಣ್ಣ, ಈ ಕೆಲಸಕ್ಕೆ ಅರ್ಜಿ ಹಾಕಲಾ?" "ಅಣ್ಣ, ಬೈಬಲ್‌ನ ಈ ವಚನದ ಅರ್ಥ ಏನು?" ರಾತ್ರಿ ಹನ್ನೊಂದಾದರೂ ಸರಿ. ಒಂದು ದಿನ ಅಂದ, "ಅಣ್ಣ, ನೀವು ಪ್ರಾರ್ಥನೆ ಮಾಡಿ. ನೀವು ಮಾಡಿದರೆ ದೇವರು ಬೇಗ ಕೇಳ್ತಾರೆ." ಅಲ್ಲೇ ತಿದ್ದಬೇಕಿತ್ತು. ತಿದ್ದಲಿಲ್ಲ. ಒಳಗೊಳಗೇ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದು ಯಾಕೆ.

ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಮೂರು ತಿಂಗಳಲ್ಲಿ ಆರಾಧನೆಗೆ ಹೋಗುವುದೇ ನಿಂತಿತು. ನನಗೆ ಸಿಟ್ಟು ಬಂತು, ಇಷ್ಟೆಲ್ಲ ಕಲಿಸಿದ್ದೆನಲ್ಲ ಅಂತ. ರಜೆಗೆ ಊರಿಗೆ ಬಂದಾಗ ಹಿಡಿದು ಕೇಳಿದೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ, "ಅಣ್ಣ, ಬೈಬಲ್ ತೆಗೆದರೆ ಎಲ್ಲ ನಿಮ್ಮ ದನಿಯಲ್ಲೇ ಕೇಳಿಸುತ್ತೆ. ಅಲ್ಲಿ ನೀವಿಲ್ಲ. ಹಾಗಾಗಿ ತೆಗೆಯೋದೇ ಬಿಟ್ಟೆ."

ಆ ಮಾತು ನನಗೆ ಇನ್ನೂ ಚುಚ್ಚುತ್ತದೆ. ಆರು ವರ್ಷ ನಾನು ಅವನನ್ನು ಎಲ್ಲಿಗೆ ನಡೆಸಿಕೊಂಡು ಹೋಗಿದ್ದೆ? ನನ್ನ ಹತ್ತಿರಕ್ಕೇ.

ನನಗೆ ಕಲಿಸಿದ ಟೀಚರ್ ಹಾಗಿರಲಿಲ್ಲ. ಅವರ ಹತ್ತಿರ ಒಂದು ಹಲಗೆ ಇತ್ತು, ಅದರ ಮೇಲೆ ಹಸಿರು ಫ್ಲ್ಯಾನೆಲ್ ಬಟ್ಟೆ ಬಿಗಿದಿದ್ದರು. ಕಾಗದದಲ್ಲಿ ಕತ್ತರಿಸಿದ ಗೊಂಬೆಗಳ ಬೆನ್ನಿಗೆ ಸ್ಯಾಂಡ್‌ಪೇಪರ್ ಚೂರು ಅಂಟಿಸಿರುತ್ತಿತ್ತು. ಗೊಂಬೆ ಹಚ್ಚುವುದು, ಕಥೆ ಹೇಳುವುದು ಎಲ್ಲ ಮಕ್ಕಳೇ. ಟೀಚರ್ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದರು. ಮಳೆಗಾಲದಲ್ಲಿ ಬಟ್ಟೆ ತಂಡಿ ಹಿಡಿದು ಏನೂ ನಿಲ್ಲುತ್ತಿರಲಿಲ್ಲ. ಒಮ್ಮೆ ನಾನು ಯೇಸುವನ್ನು ನೋಡಲು ಮರ ಹತ್ತಿದ ಜಕ್ಕಾಯನ ಕಥೆ ಹೇಳುತ್ತಿದ್ದೆ. ಯೇಸು "ಇಳಿದು ಬಾ" ಅನ್ನುವ ಮೊದಲೇ ಜಕ್ಕಾಯ ಮರದಿಂದ ಉದುರಿಬಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಟೀಚರೂ ನಕ್ಕರು. "ಮುಂದೆ ಹೇಳು ಮಗಾ" ಅಂದರು, ಅಷ್ಟೇ. ಎದ್ದು ಬಂದು ಸರಿಮಾಡಲಿಲ್ಲ.

ನನಗೆ ಹದಿನೇಳು ವರ್ಷ ಇದ್ದಾಗ ಅಪ್ಪ ತೀರಿಕೊಂಡರು. ಮನೆಗೆ ಬಂದವರೆಲ್ಲ ದೇವರ ಚಿತ್ತ ಅಂದರು. ಒಳ್ಳೆ ಮನಸ್ಸಿನಿಂದಲೇ ಅಂದರು, ಆದರೂ ಕೇಳಿ ಕೇಳಿ ಸಾಕಾಗಿತ್ತು. ಟೀಚರ್ ಬಂದಾಗ ಸಿಟ್ಟಿನಲ್ಲೇ ಕೇಳಿದೆ, ಯಾಕೆ ಹೀಗಾಯ್ತು ಅಂತ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತು, "ನನಗೆ ಗೊತ್ತಿಲ್ಲ ಮಗಾ. ಎಂಬತ್ತೆಂಟನೇ ಕೀರ್ತನೆ ಓದು" ಅಂದರು. ಹೋಗಿ ಓದಿದೆ. ನಿಮಗೂ ಗೊತ್ತಿರಬಹುದು, ಬೇರೆ ದುಃಖದ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಸ್ತೋತ್ರದ ಕಡೆಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಇಂಥದ್ದೂ ಬೈಬಲ್‌ನಲ್ಲಿ ಇದೆಯಾ ಅಂತ ಬೆರಗಾಯಿತು. ದೇವರ ಹತ್ತಿರ ಹೀಗೂ ಮಾತಾಡಬಹುದು ಅಂತ ಗೊತ್ತಾದದ್ದು ಆ ರಾತ್ರಿ. ಟೀಚರ್ ಪಕ್ಕದಲ್ಲಿ ಕೂತು ವಿವರಿಸಿದ್ದರೆ ಗೊತ್ತಾಗುತ್ತಿರಲಿಲ್ಲ ಅನಿಸುತ್ತದೆ.

ಈಗ ಬೈಬಲ್‌ನ ಎರಡು ಕಥೆ. ಎರಡನ್ನೂ ಎಷ್ಟೋ ಸಲ ಪಾಠ ಮಾಡಿದ್ದೇನೆ, ಆದರೆ ಒಟ್ಟಿಗೆ ಇಟ್ಟು ನೋಡಿದ್ದು ಆ ಹುಡುಗನ ಮಾತು ಕೇಳಿದ ಮೇಲೆ.

ಒಂದು ಲೂಕ 24. ಯೇಸು ಸತ್ತ ಮೂರನೆಯ ದಿನ ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಎಮ್ಮಾಹು ಅನ್ನುವ ಹಳ್ಳಿಗೆ ಮುಖ ಸಪ್ಪಗೆ ಮಾಡಿಕೊಂಡು ನಡೆಯುತ್ತಿದ್ದಾರೆ. ಏಳು ಮೈಲಿ ದಾರಿ. ಯೇಸು ಜೊತೆಗೆ ಸೇರಿಕೊಳ್ಳುತ್ತಾನೆ, ಅವರಿಗೆ ಗುರುತು ಸಿಗುವುದಿಲ್ಲ. ಏನು ಮಾತಾಡ್ತಿದ್ದೀರಿ ಅಂತ ಕೇಳುತ್ತಾನೆ. ಅವನದೇ ಕಥೆಯನ್ನು ಅವನಿಗೇ ಹೇಳುತ್ತಾರೆ, ಅವನು ಕೊನೆವರೆಗೂ ಕೇಳಿಸಿಕೊಳ್ಳುತ್ತಾನೆ. ಆಮೇಲೆ ಶಾಸ್ತ್ರ ಬಿಡಿಸಿ ಹೇಳುತ್ತಾನೆ. ಹಳ್ಳಿ ಹತ್ತಿರ ಬಂದಾಗ ಇನ್ನೂ ಮುಂದೆ ಹೋಗುವವನ ಹಾಗೆ ಕಾಣಿಸಿಕೊಳ್ಳುತ್ತಾನೆ. ಅವರಾಗಿ ಒತ್ತಾಯ ಮಾಡಿ ಕರೆದ ಮೇಲೇ ಒಳಗೆ ಬರುವುದು. ರೊಟ್ಟಿ ಮುರಿದು ಕೊಟ್ಟಾಗ ಅವರ ಕಣ್ಣು ತೆರೆಯುತ್ತದೆ, ಅದೇ ಗಳಿಗೆಯಲ್ಲಿ ಅವನು ಕಣ್ಮರೆಯಾಗುತ್ತಾನೆ.

ಇನ್ನೊಂದು ಅಪೊಸ್ತಲರ ಕೃತ್ಯಗಳು 8. ಗಾಜಾಕ್ಕೆ ಹೋಗುವ ದಾರಿಯಲ್ಲಿ ಐಥಿಯೋಪ್ಯದ ಕಂಚುಕಿ (ಅರಮನೆಯ ನಪುಂಸಕ ಸೇವಕ), ರಾಣಿಯ ಖಜಾನೆ ನೋಡಿಕೊಳ್ಳುವ ದೊಡ್ಡ ಅಧಿಕಾರಿ, ರಥದಲ್ಲಿ ಕೂತು ಯೆಶಾಯನ ಪುಸ್ತಕ ಓದುತ್ತಿದ್ದಾನೆ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಓಡಿ ಹೋಗಿ, ಓದುವುದು ಅರ್ಥ ಆಗ್ತಿದೆಯಾ ಅಂತ ಕೇಳುತ್ತಾನೆ. ಯಾರಾದರೂ ದಾರಿ ತೋರಿಸದೆ ಹೇಗೆ ಅರ್ಥ ಆದೀತು ಅಂತ ಅವನು ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ಗಮನಿಸಿ, ಓದುತ್ತಿದ್ದ ಅಧ್ಯಾಯ ಕಂಚುಕಿಯದು, ರಥವೂ ಅವನದು. ನೀರು ಕಂಡ ಕೂಡಲೇ, ದೀಕ್ಷಾಸ್ನಾನಕ್ಕೆ, ಅಂದರೆ ನೀರಿನಲ್ಲಿ ಮುಳುಗಿ ಕ್ರೈಸ್ತನಾಗುವುದಕ್ಕೆ, ಅಡ್ಡಿ ಏನು ಅಂತ ಕೇಳಿದ್ದೂ ಅವನೇ. ನೀರಿನಿಂದ ಮೇಲೆ ಬಂದಾಗ ಫಿಲಿಪ್ಪ ಇಲ್ಲ! ದೇವರ ಆತ್ಮ ಅವನನ್ನು ಎತ್ತಿಕೊಂಡು ಹೋಯಿತು, ಅಜೋತ್ ಅನ್ನುವ ಊರಿನಲ್ಲಿ ಕಾಣಿಸಿಕೊಂಡ. ಕಂಚುಕಿ ಅತ್ತನಾ? ಹುಡುಕಿದನಾ? ಸಂತೋಷದಿಂದ ತನ್ನ ದಾರಿ ಹಿಡಿದು ಹೋದ.

ಎರಡು ಕಡೆಯೂ ದಾರಿ ತೋರಿಸಿದವನು ಮಾಯ. ನಾನಾಗಿದ್ದರೆ ಕಂಚುಕಿಯ ಫೋನ್ ನಂಬರ್ ತಗೊಂಡು ನಮ್ಮ ವಾಟ್ಸಾಪ್ ಗ್ರೂಪಿಗೆ ಸೇರಿಸಿ, ದಿನಾ ಬೆಳಿಗ್ಗೆ ಒಂದು ವಚನ ಕಳಿಸುತ್ತಿದ್ದೆ.

ಹಾಗಂತ ಎಲ್ಲರನ್ನೂ ನಡುದಾರಿಯಲ್ಲಿ ಬಿಟ್ಟು ಹೋಗಬೇಕು ಅಂತಲ್ಲ. ಸಭಾಪಾಲಕರು ಬೇಕು, ಕಾಯಿಲೆ ಬಿದ್ದವರ ಮನೆಗೆ ಹೋಗುವವರು ಬೇಕು. ಆದರೆ ಈಗ ಕನ್ವೆನ್ಷನ್‌ಗಳ ಫ್ಲೆಕ್ಸ್ ನೋಡಿದ್ದೀರಲ್ಲ? ಸೂಟು ಹಾಕಿ ಮೈಕ್ ಹಿಡಿದ ಪ್ರಸಂಗಿಗಳ ಮುಖ ಆಳೆತ್ತರ ಇರುತ್ತದೆ, ಶಿಲುಬೆ ಮೂಲೆಯಲ್ಲಿ ಬೆರಳಷ್ಟು. ಯೆಹೆಜ್ಕೇಲ 34ರಲ್ಲಿ ಕುರಿಗಳ ಉಣ್ಣೆ ಹೊದ್ದು, ಕೊಬ್ಬಿದ್ದನ್ನು ಕೊಯ್ದು ತಿನ್ನುವ ಕುರುಬರಿಗೆ ದೇವರು ಬೈಯುವುದು ಓದಿದಾಗೆಲ್ಲ ನನಗೆ ಆ ಫ್ಲೆಕ್ಸ್ ನೆನಪಾಗುತ್ತದೆ. ಆಮೇಲೆ ನನ್ನ ಮುಖವೂ ನೆನಪಾಗುತ್ತದೆ. ನನಗೆ ಫ್ಲೆಕ್ಸ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ದಾರಿ ತೋರಿಸಿದವರು ಬಿಟ್ಟು ಹೋಗುವ ಈ ಕಥೆ ನಮ್ಮೂರಿನ ಚರಿತ್ರೆಯಲ್ಲೂ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನ ಮೊದಲ ಮೂವರು ಮಿಶನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷ ಬಿಟ್ಟು ಬಂದವರು ಹೆರ್ಮನ್ ಮೋಗ್ಲಿಂಗ್, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದವರು. ಆನಂದರಾವ್ ಕೌಂಡಿನ್ಯ ಅನ್ನುವ ಸಾರಸ್ವತ ಬ್ರಾಹ್ಮಣ ಹುಡುಗ 1844ರಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡಾಗ ಊರಲ್ಲಿ ದೊಡ್ಡ ಗದ್ದಲವೇ ಆಯಿತು. ಅವನ ಹೆಸರಿಗೆ ಗುರು ಮೋಗ್ಲಿಂಗರ ಹೆಸರೂ ಸೇರಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯ ಆದ. ಮೋಗ್ಲಿಂಗ್ ಅವನನ್ನು ಬಾಸೆಲ್‌ಗೆ ಕರೆದುಕೊಂಡು ಹೋದರು. ಅವನು ಅಲ್ಲೇ ಓದಿ, 1851ರಲ್ಲಿ ಪಾದ್ರಿಯಾಗಿ ಅಭಿಷೇಕ ಪಡೆದು ವಾಪಸ್ ಬಂದ. 1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ಹೊರಟರು. ಗುರುವಿನ ಹೆಸರು ಹೊತ್ತರೂ ಶಿಷ್ಯ ಗುರುವಿನ ನೆರಳಲ್ಲಿ ಉಳಿಯಲಿಲ್ಲ.

ಆದರೆ ಇಡೀ ಮಿಶನ್ ಹಾಗೆ ನಡೆಯಿತು ಅನ್ನಲಾರೆ. ಕ್ರೈಸ್ತರಾದವರನ್ನು ಜಾತಿಯಿಂದ ಹೊರಗೆ ಹಾಕುತ್ತಿದ್ದರು, ಹೊಟ್ಟೆಪಾಡಿಗೆ ದಾರಿ ಬೇಕಿತ್ತು. ಹಾಗಾಗಿ ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ಒಳ್ಳೆಯ ಕೆಲಸವೇ. ಆದರೆ ಸಂಬಳ ಕೊಡುವವರೂ ಮಿಶನ್, ಉಪದೇಶ ಮಾಡುವವರೂ ಮಿಶನ್ ಆದಾಗ ಕೈ ಬಿಡುವುದು ಇಬ್ಬರಿಗೂ ಕಷ್ಟ. ಕೊನೆಗೆ ಬಿಡಿಸಿದ್ದು 1914ರ ಯುದ್ಧ. ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಹಿಡಿದು ಕೂಡಿಹಾಕಿ ಆಮೇಲೆ ದೇಶದಿಂದ ಕಳಿಸಿದರು, ಕಾರ್ಖಾನೆಗಳೂ ಕೈತಪ್ಪಿದವು. ಫಿಲಿಪ್ಪನನ್ನು ಆತ್ಮ ಎತ್ತಿಕೊಂಡು ಹೋದರೆ ಇವರನ್ನು ಸರ್ಕಾರ ಎತ್ತಿಕೊಂಡು ಹೋಯಿತು. ಸಭೆಗಳು ಮುಚ್ಚಲಿಲ್ಲ. ಇಲ್ಲಿಯವರೇ ನಡೆಸಿಕೊಂಡು ಬಂದರು, ಅದಕ್ಕೇ ಇವತ್ತು ನಾನು ಅದರ ಬೆಂಚಿನಲ್ಲಿ ಕೂತಿದ್ದೇನೆ.

ಈಗ ಕೂಟದಲ್ಲಿ ನಾನು ಒಂದು ಕ್ರಮ ಮಾಡಿಕೊಂಡಿದ್ದೇನೆ. ತಿಂಗಳಿಗೆ ಎರಡು ವಾರ ಬಾಯಿ ತೆರೆಯುವುದಿಲ್ಲ, ಮಕ್ಕಳೇ ನಡೆಸುತ್ತಾರೆ. ಕೆಲವೊಮ್ಮೆ ಏನೇನೋ ಅರ್ಥ ಹೇಳುತ್ತಾರೆ, ನಾಲಗೆ ಕಚ್ಚಿಕೊಂಡು ಕೂರುತ್ತೇನೆ. ತೀರಾ ಅಡ್ಡದಾರಿಗೆ ಹೋದರೆ ಮಾತ್ರ ಆಮೇಲೆ ಹೊರಗೆ ಕರೆದು ಒಂದು ಮಾತು. ಯಾರಾದರೂ "ಅಣ್ಣ, ಪ್ರಾರ್ಥನೆ ಮಾಡಿ" ಅಂದರೆ, "ಮಾಡೋಣ, ನೀನು ಶುರು ಮಾಡು" ಅನ್ನುತ್ತೇನೆ. ಮೊದಮೊದಲು ಇದು ಅವರಿಗೂ ನನಗೂ ಮುಜುಗರ.

ಪುಣೆಯ ಹುಡುಗ ಹೋದ ವಾರ ಫೋನ್ ಮಾಡಿದ್ದ. ಅಮ್ಮನಿಗೆ ಆಪರೇಷನ್ ಆಗಿದೆ, ಆಸ್ಪತ್ರೆಯಲ್ಲೇ ಮಲಗುತ್ತಿದ್ದಾನೆ. ಸಭೆಗೆ ಹೋಗ್ತೀಯಾ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಪಕ್ಕದ ಬೆಡ್ಡಿನ ಆಂಟಿ ರಾತ್ರಿಯೆಲ್ಲ ನರಳುತ್ತಿದ್ದರಂತೆ. ಅವನ ಅಮ್ಮನ ತಲೆದಿಂಬಿನ ಹತ್ತಿರ ಬೈಬಲ್ ನೋಡಿ, ನೀವು ಕ್ರಿಶ್ಚಿಯನ್ನರಾ, ನನಗೂ ಪ್ರಾರ್ಥನೆ ಮಾಡಪ್ಪಾ ಅಂದರಂತೆ.

"ನಿಮಗೆ ಫೋನ್ ಮಾಡೋಣ ಅಂದುಕೊಂಡೆ ಅಣ್ಣ. ಎರಡು ಗಂಟೆ ಆಗಿತ್ತು. ಹಾಗಾಗಿ ನಾನೇ ಮಾಡಿದೆ."

"ಏನಂತ ಮಾಡಿದೆ?"

"ಸ್ವಾಮಿ, ಈ ಆಂಟಿಗೆ ನಿದ್ದೆ ಬರಲಿ, ನಮ್ಮಮ್ಮನಿಗೂ ಬರಲಿ. ಅಷ್ಟೇ. ಬೇರೆ ಏನೂ ಹೊಳೀಲಿಲ್ಲ."

ಯೇಸುವಿನ ಹೆಸರಲ್ಲಿ ಅಂತ ಮುಗಿಸಬೇಕಿತ್ತಲ್ಲ, ಆಮೆನ್ ಆದರೂ ಅನ್ನಬೇಕಿತ್ತಲ್ಲ ಅಂತ ನನ್ನ ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಅಣ್ಣ, ಲೈನ್‌ನಲ್ಲಿ ಇದ್ದೀರಾ?"

"ಇದ್ದೇನೆ ಮಾರಾಯ. ಆಂಟಿಗೆ ನಿದ್ದೆ ಬಂತಾ?"