ಮಂಗ್ಯಾ ಸತ್ತರ ಯಾರಿಗೆ ಫೋನ್ ಹಚ್ಚಬೇಕು?

2025ರ ನವೆಂಬರದಾಗ ಭೂತರಾಮನಹಟ್ಟಿ ಝೂದಾಗ ಒಂದ ವಾರದೊಳಗ 31 ಕೃಷ್ಣಮೃಗ ಸತ್ತಾಗ ಬೆಳಗಾವಿ ತುಂಬ ಅದ ಮಾತು. ಗಳಲೆ ರೋಗ ಅಂತ ಗೊತ್ತಾತು, ನಾವ್ ಮಳಿಗಾಲಕ್ಕ ಮೊದ್ಲ ಎಮ್ಮಿಗೆ ಇಂಜೆಕ್ಷನ್ ಹಾಕಸ್ತೀವಲ್ಲ, ಅದ ಬ್ಯಾನಿ. ಝೂ ಅಂದಮ್ಯಾಲ ಬೇಲಿ ಐತಿ, ದಿನಾ ಮೇವು ಹಾಕೋರ ಅದಾರ, ಸತ್ತದ್ದು ಕಾಣತೈತಿ. ಖಾನಾಪುರ ಅಡವ್ಯಾಗ ಏನರ ಸತ್ತರ ನೋಡೋರ ಯಾರು? ದನಾ ಕಾಯೋರು, ಕಟಗಿ ತರೋರು, ಫಾರೆಸ್ಟ್ ವಾಚರ್, ಅಷ್ಟ.

ಯಾಕ ಹೇಳಾಕತ್ತೇನಿ ಅಂದ್ರ ಮಂಗನ ಕಾಯಿಲೆ, ಅದ ಕೆಎಫ್‌ಡಿ (ಕ್ಯಾಸನೂರ ಫಾರೆಸ್ಟ್ ಡಿಸೀಸ್). 1957ರಾಗ ಸೊರಬ ತಾಲೂಕಿನ ಕ್ಯಾಸನೂರ ಕಾಡಿನ್ಯಾಗ ಮಂಗ್ಯಾ ಸಾಯಾಕತ್ತಿದ್ವು, ಸುತ್ತಲಿನ ಹಳ್ಳ್ಯಾಗ ಮಂದಿಗೂ ಜ್ವರಾ, ಪುಣೆಯಿಂದ ಬಂದ ವೈರಸ್ ಸಂಶೋಧಕರು ಮೊದ್ಲ ಹಳದಿ ಜ್ವರಾನೋ ಏನೋ ಅಂತ ಅನುಮಾನ ಪಟ್ಟಿದ್ರು, ಯಾಕಂದ್ರ ಅದೂ ಮಂಗ್ಯಾ ಕೊಲ್ಲತೈತಿ. ನೋಡಿದ್ರ ಹೊಸಾ ವೈರಸ್, ಹರಡೋದು ಉಣ್ಣಿಯಿಂದ. ಮಂಗ್ಯಾ ಸತ್ತಮ್ಯಾಲ ಉಣ್ಣಿ ಇಳದ ಅಲ್ಲೇ ತರಗೆಲಿಯೊಳಗ ಕೂಡ್ತಾವ, ಮುಂದ ಆ ದಾರ್ಯಾಗ ಬಂದವ್ರ ಕಾಲಿಗೆ ಹತ್ತತಾವ. ಅಂದ್ರ ಸತ್ತ ಮಂಗ್ಯಾನ ನಮಗ ಮೊದಲನೇ ನೋಟೀಸು.

2016ರದ್ದ ಕೇಳ್ರಿ. ನಮ್ಮ ಜಿಲ್ಲಾದ ಕೂಲಿ ಮಂದಿ ಗೋವಾದ ಸತ್ತರಿ ಕಡೆ ಕಾಜು ತೋಟಕ್ಕ ದುಡ್ಯಾಕ ಹೋದವ್ರಿಗೆ ಈ ಜ್ವರಾ ಹತ್ತಿತು. ಉಣ್ಣಿ ಕಡದ ಮ್ಯಾಲ ಜ್ವರಾ ಏರಾಕ ಸಾಮಾನ್ಯ 3 ರಿಂದ 8 ದಿನ, ಅಷ್ಟರಾಗ ಮನಷ್ಯಾ ಪಗಾರ ತಗೊಂಡು ಬಸ್ ಹತ್ತಿ ಘಾಟ್ ದಾಟಿ ಊರಾಗ ಬಂದ ಕುಂತಿರ್ತಾನ. ಮಂಗ್ಯಾ ಸತ್ತದ್ದು ಒಂದ ರಾಜ್ಯದಾಗ, ಜ್ವರಾ ಬಂದದ್ದು ಇನ್ನೊಂದ ರಾಜ್ಯದಾಗ. ಮನಷ್ಯಾನಿಂದ ಮನಷ್ಯಾಗ ಹತ್ತಂಗಿಲ್ಲ ಅನ್ನೋದೊಂದ ಸಮಾಧಾನ. ಆದ್ರ ದವಾಖಾನಿಗೆ ಹೋದ್ರ ಡೆಂಗ್ಯೂ ಇರಬೇಕು, ಟೈಫಾಯ್ಡ್ ಇರಬೇಕು ಅಂತಾರ. ಜ್ವರಾ ಎಷ್ಟ ದಿನದಿಂದ ಅಂತ ಎಲ್ಲಾರೂ ಕೇಳ್ತಾರ, ಹಿಂದಿನ ವಾರ ಎಲ್ಲಿ ದುಡ್ಯಾಕ ಹೋಗಿದ್ದಿ ಅಂತ ಕೇಳೋರು ಕಡಿಮಿ.

ವ್ಯವಸ್ಥಾ ಇಲ್ಲಂತಲ್ಲ. 2004ರಿಂದ ರೋಗದ ಮ್ಯಾಲ ನಿಗಾ ಇಡೋ ಸರ್ಕಾರಿ ಯೋಜನಾ ಐಡಿಎಸ್‌ಪಿ ಐತಿ, ಈಗ ಆ ಲೆಕ್ಕ ಆನ್‌ಲೈನ್ ತುಂಬೋ ಐಎಚ್‌ಐಪಿ ಪೋರ್ಟಲ್ ಬಂದೈತಿ, ಹಳ್ಳ್ಯಾಗಿನ ಜ್ವರದ ಲೆಕ್ಕ ಮ್ಯಾಲತನಕ ಹೋಗತೈತಿ. ಆದ್ರ ಮಂಗ್ಯಾ ಫಾರೆಸ್ಟ್‌ನವ್ರದು, ಅದನ್ನ ಕೊಯ್ದು ಸ್ಯಾಂಪಲ್ ತಗಿಯೋದು ದನದ ಡಾಕ್ಟರು, ಜ್ವರಾ ಆರೋಗ್ಯ ಇಲಾಖೆದು. ಮೂರೂ ಮಂದಿ ಒಬ್ಬರಿಗೊಬ್ರು ಫೋನ್ ಹಚ್ಚಿದ್ರನ ಪತ್ತೆ ಹತ್ತೋದು, ಪೋರ್ಟಲ್ ಎಷ್ಟ ಇದ್ರೇನು.

ನಮ್ಮ ಕಡೆ ಇನ್ನೊಂದ ತೊಡಕು. ಮಂಗ್ಯಾ ಸತ್ತರ ಹಣಮಪ್ಪನ ಸ್ವರೂಪ ಅಂತ ಅರಿಷಿಣ ಕುಂಕುಮ ಹಚ್ಚಿ, ಹಾರ ಹಾಕಿ, ಭಜನಿ ಮಾಡ್ಕೋತ ಮೆರವಣಿಗಿ ತಗದು ಮಣ್ಣ ಕೊಡ್ತಾರ. ಹೆಚ್ಚಿನವು ಕರೆಂಟ್ ಹೊಡದೋ ಗಾಡಿ ಬಡದೋ ಸತ್ತಿರ್ತಾವ, ಖರೆ. ಆದ್ರ ಅಡವಿ ಅಂಚಿನ ಊರಾಗ, ಡಿಸೆಂಬರದಿಂದ ಮೇ ತನಕ, ಗಾಯ ಇಲ್ಲದ ಮಂಗ್ಯಾ ಬಿದ್ದಿದ್ರ ಕೈ ಹಚ್ಚಬ್ಯಾಡ್ರಿ, ಫಾರೆಸ್ಟ್‌ನವ್ರಿಗೆ ಇಲ್ಲಾ ಪಿಎಚ್‌ಸಿಗೆ ಹೇಳ್ರಿ, ಅದೂ ಅವತ್ತ ಹೇಳ್ರಿ, ಕೊಳತಮ್ಯಾಲ ಸ್ಯಾಂಪಲ್ ಕೆಲಸಕ್ಕ ಬರಂಗಿಲ್ಲ. ಇಲಾಖೆಯವ್ರು ಬಂದ ಹೋದಮ್ಯಾಲ ಭಜನಿ ದೂರ ನಿಂತ ಮಾಡಾಕೂ ಬರತೈತಿ, ಹಣಮಪ್ಪ ಏನ್ ಸಿಟ್ಟ ಆಗಂಗಿಲ್ಲ.