ದೂರದ ಡೇಟಾಬೇಸ್‌ಗೆ ಯಾವ ಟೂಲ್?

12 ಜುಲೈ 2025, ಶನಿವಾರ
ಕೋಲಾರ

ಟೊಮೆಟೊ ಸೀಸನ್ ಜೋರಾಗಿದೆ. ಎಪಿಎಂಸಿಯಲ್ಲಿ ಹರಾಜು ಮುಗಿದರೆ ಸಾಕು, ಮಂಡಿಯವರ ಫೋನ್ ಶುರು. ಯಾವ ರೈತರದ್ದು ಎಷ್ಟು ಬಾಕ್ಸ್, ಯಾರಿಗೆ ಎಷ್ಟು ಬಾಕಿ ಅಂತ. ಆ ಲೆಕ್ಕವೆಲ್ಲ ಇರುವುದು ಮುಂಬೈನ ಒಂದು ಕ್ಲೌಡ್ ಸರ್ವರ್‌ನಲ್ಲಿ, ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನಲ್ಲಿ. ಹಳೇ ಮಂಡಿಗಳದ್ದು ಇನ್ನೂ ಮೈಎಸ್‌ಕ್ಯೂಎಲ್ ಅನ್ನೋ ಬೇರೆ ಡೇಟಾಬೇಸ್‌ನಲ್ಲಿ.

ಜೊತೆಗೆ ಕೆಲಸ ಮಾಡುವ ಹುಡುಗಿ ಕೇಳಿದಳು: "ಅಣ್ಣಾ, 5432 ಪೋರ್ಟ್ ಓಪನ್ ಮಾಡಿಬಿಡಿ, ಯಾವ ಟೂಲ್ ಆದ್ರೂ ಸೀದಾ ಕನೆಕ್ಟ್ ಆಗುತ್ತೆ." ಬೇಡಮ್ಮ ಅಂದೆ. 5432 ಅಂದ್ರೆ ಪೋಸ್ಟ್‌ಗ್ರೆಸ್‌ಗೆ ಹೊರಗಿಂದ ಬರುವ ಬಾಗಿಲು. ಹಾಗೆ ತೆರೆದಿಟ್ಟ ಪೋರ್ಟನ್ನು ಹುಡುಕಿಕೊಂಡು ಪಾಸ್‌ವರ್ಡ್ ಊಹಿಸುವ ಬಾಟ್‌ಗಳು ಇಂಟರ್ನೆಟ್ ತುಂಬ ಓಡಾಡುತ್ತಿರುತ್ತವೆ. ರೈತರ ದುಡ್ಡಿನ ಲೆಕ್ಕ ಇದು. ಡೇಟಾಬೇಸ್ ಹೊರಗಿನವರಿಗೆ ಕಾಣಲೇಬಾರದು. ಎಸ್‌ಎಸ್‌ಎಚ್ ಟನಲ್ ಮೂಲಕ ಮಾತ್ರ, ಅಂದ್ರೆ ಮೊದಲು ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಿ ಆ ದಾರಿಯಲ್ಲೇ, ಒಳಗೆ ಹೋಗಬೇಕು. ಹಾಗಾಗಿ ಟೂಲ್ ಆರಿಸುವಾಗ ನಾನು ಮೊದಲು ನೋಡಿದ್ದೇ ಅದು.

ಪಿಜಿಅಡ್ಮಿನ್‌ನಲ್ಲೂ ಟನಲ್ ಇದೆ, ಆದರೆ ಅದು ಪೋಸ್ಟ್‌ಗ್ರೆಸ್‌ಗೆ ಮಾತ್ರ. ಮೈಎಸ್‌ಕ್ಯೂಎಲ್ ವರ್ಕ್‌ಬೆಂಚ್‌ನಲ್ಲೂ ಇದೆ, ಆದರೆ ಅದು ಮೈಎಸ್‌ಕ್ಯೂಎಲ್‌ಗೆ ಮಾತ್ರ. ಡಿಬೀವರ್ ಎರಡಕ್ಕೂ ಆಗುತ್ತೆ, ಕಮ್ಯುನಿಟಿ ಆವೃತ್ತಿಗೆ ಕಾಸಿಲ್ಲ. ಜಾವಾ ಆದ್ದರಿಂದ ರ್‍ಯಾಮ್ ಜಾಸ್ತಿ ತಿನ್ನುತ್ತೆ, ಹಳೇ ಲ್ಯಾಪ್‌ಟಾಪ್‌ನಲ್ಲಿ ಓಪನ್ ಆಗೋದು ನಿಧಾನ. ಆದರೂ ಅದನ್ನೇ ಆರಿಸಿದೆ. ಕನೆಕ್ಷನ್ ಸೆಟ್ಟಿಂಗ್‌ನಲ್ಲೇ ಎಸ್‌ಎಸ್‌ಎಚ್ ಭಾಗ ಇದೆ, ಪಾಸ್‌ವರ್ಡ್ ಬದಲು ಬಳಸುವ ಕೀ ಫೈಲ್ ತೋರಿಸಿದರೆ ಆಯ್ತು. ಡೇಟಾಬೇಸ್ ಅದೇ ಸರ್ವರ್‌ನಲ್ಲಿದ್ದರೆ ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ಅಂತಲೇ ಹಾಕಬೇಕು, ಯಾಕಂದ್ರೆ ಟನಲ್ ದಾಟಿದ ಮೇಲೆ ನಾವು ಮುಂಬೈ ಮಷಿನ್ ಒಳಗೇ ನಿಂತು ಕೇಳಿದ ಹಾಗೆ.

ಇನ್ನೊಂದು ನನಗೆ ತುಂಬ ಹಿಡಿಸಿತು. ಎಷ್ಟೇ ದೊಡ್ಡ ಟೇಬಲ್ ತೆರೆದರೂ ಮೊದಲು 200 ಸಾಲು ಮಾತ್ರ ತರುತ್ತೆ. ಡೇಟಾ ಪಕ್ಕದಲ್ಲೇ ಇದ್ದಾಗ ಇದು ಗೊತ್ತಾಗಲ್ಲ, ದೂರ ಇದ್ದಾಗ, ಅದೂ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೂತಾಗ, ಇದೇ ಕಾಪಾಡುತ್ತೆ. ಅಸಲಿ ಸರ್ವರ್ ಕನೆಕ್ಷನ್ನಿಗೆ ಪ್ರೊಡಕ್ಷನ್ ಅಂತ ಗುರುತು ಹಾಕಿದರೆ ಕೆಂಪು ಬಣ್ಣ ಬರುತ್ತೆ. ಟೆಸ್ಟ್ ಯಾವುದು, ಅಸಲಿ ಯಾವುದು ಅಂತ ಗೊಂದಲ ಇಲ್ಲ. ರೀಡ್ ಓನ್ಲಿ ಆಯ್ಕೆಯೂ ಇದೆ, ಆದರೆ ಅದನ್ನು ಯಾರು ಬೇಕಾದರೂ ತೆಗೆಯಬಹುದು ಅಲ್ವಾ? ಅದಕ್ಕೇ ಡೇಟಾಬೇಸ್‌ನಲ್ಲೇ ಬರೀ ಸೆಲೆಕ್ಟ್ (ಓದುವ) ಹಕ್ಕಿರುವ ಯೂಸರ್ ಮಾಡಿಕೊಟ್ಟೆ.

ಇಡೀ ಸೀಸನ್‌ನ ಲೆಕ್ಕ ತೆಗೆಯುವಂಥ ದೊಡ್ಡ ಕೆಲಸಕ್ಕೆ ಮಾತ್ರ ಡಿಬೀವರ್ ಬೇಡ. ಸರ್ವರ್‌ಗೇ ಲಾಗಿನ್ ಆಗಿ, ಟಿಮಕ್ಸ್ (ನಾವು ಹೊರಬಂದರೂ ಕೆಲಸ ಓಡಿಸುತ್ತಿರುವ ಟೂಲ್) ಒಳಗೆ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ನ ಕಮಾಂಡ್ ಟೂಲ್) ಓಡಿಸೋದು ವಾಸಿ. ನಡುವೆ ಇಲ್ಲಿ ಕರೆಂಟ್ ಹೋದರೂ, ನೆಟ್ ಕಟ್ಟಾದರೂ ಅಲ್ಲಿ ಕ್ವೆರಿ ನಿಲ್ಲಲ್ಲ. ಫೈಲ್ ಅಲ್ಲೇ ಜಿಪ್ ಮಾಡಿ ಆಮೇಲೆ ಇಳಿಸಿಕೊಂಡರೆ ಆಯ್ತು.

ಸೋಮವಾರ ಮೈಎಸ್‌ಕ್ಯೂಎಲ್ ಸರ್ವರ್‌ಗೂ ಇದೇ ಥರ ಯೂಸರ್ ಮಾಡಬೇಕು. ಅದಕ್ಕೂ ಮೊದಲು ಅಲ್ಲಿ ಮೈಎಸ್‌ಕ್ಯೂಎಲ್‌ನ 3306 ಪೋರ್ಟ್ ಹೊರಗೆ ತೆರೆದಿದೆಯಾ ಅಂತ ನೋಡಬೇಕು.